ಒಬ್ಬ ಹೆಂಗಸು ಕಮ್ಮಿ

ಈಗ ಆಸ್ಪತ್ರೆ ಕೆಲಸಕ್ಕೆ ಸೇರುವ ಹುಡುಗಿಯರ ಕೈಗೆ ಮೊದಲ ದಿನವೇ ಒಂದು ರಿಜಿಸ್ಟರು ಕೊಡುತ್ತಾರಂತೆ. ನನ್ನ ಕೈಗೆ ಕೊಟ್ಟದ್ದು ಬಕೀಟು. ಸ್ವಾತಂತ್ರ್ಯ ದೇಶಕ್ಕೆ, ನಾನು ಆಸ್ಪತ್ರೆಗೆ, ಒಂದೇ ವರ್ಷ ಬಂದೆವು. ಅದಕ್ಕೆ ಬಾವುಟ ಹಾರಿಸಿದರು, ನನಗೆ ಫಿನಾಯಿಲು ಕಲಸು ಅಂದರು.

ಬನ್ನಿಮಂಟಪದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಆರು ಮಂಚ, ಒಬ್ಬ ನರ್ಸಮ್ಮ, ವಾರಕ್ಕೊಂದು ದಿನ ಬರುವ ಡಾಕ್ಟರಮ್ಮ, ಆಯಾ ನಾನು. ಹೆಸರು ಕೆಂಪಮ್ಮ, ಓದಿದ್ದು ಮೂರನೇ ಕ್ಲಾಸು, ಮನೆ ಕೆಸರೆಯಲ್ಲಿ. ನನ್ನ ತಂಗಿಯ ಮೊಮ್ಮಗಳು ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ಹೊಸಬರಿಗೆ ಉಪಯೋಗ ಆಗುತ್ತೆ, ನಿಮ್ಮ ಕಾಲದ್ದು ಬರೆದುಕೊಡಿ ಅಂತ ಕೂತಳು. ಬರೆಯುತ್ತೇನೆ. ಬಡ್ತಿಯ ಕಥೆ ಇದರಲ್ಲಿ ಇಲ್ಲ. ಆಯಾಗೆ ಬಡ್ತಿ ಅಂದರೆ ಹಳೇ ಬಕೀಟು ಹೋಗಿ ಹೊಸ ಬಕೀಟು ಬರೋದು. ನನಗೆ ಅದು ಮೂರು ಸಲ ಬಂತು. ಇನ್ನೊಂದು ಮಾತು, ಜನರ ಹೆಸರು, ಬೀದಿ ಎಲ್ಲ ಬದಲಾಯಿಸಿ ಬರೆದಿದ್ದೇನೆ. ಯಾಕೆ ಅನ್ನೋದು ಓದ್ತಾ ಓದ್ತಾ ಗೊತ್ತಾಗುತ್ತೆ.

ನಾನು ಸೇರಿದ ಹೊಸದರಲ್ಲಿ ರೇಷನ್ನು ಬಿಗಿಯಾಗಿತ್ತು. ಯಾರ ಮನೆಯಲ್ಲಿ ಎಷ್ಟು ತಲೆ, ಯಾರ ಮಡಕೆಯಲ್ಲಿ ಎಷ್ಟು ರಾಗಿ ಅಂತ ನೋಡೋಕೆ ಒಬ್ಬ ಇನ್ಸ್‌ಪೆಕ್ಟರು ಬೀದಿ ಬೀದಿ ತಿರುಗೋರು. ಗಂಡಸು ಹೋಗಿ ಕದ ತಟ್ಟಿದರೆ ಹೆಂಗಸರು ತೆಗೆಯುತ್ತಿರಲಿಲ್ಲ. ಅದಕ್ಕೆ ಆಸ್ಪತ್ರೆಗೆ ಹೇಳಿಕಳಿಸಿ ನನ್ನನ್ನು ಕರಕೊಂಡು ಹೋಗೋರು. ನಾನು ‘ಅಕ್ಕಾ, ನಾನು ಕೆಂಪಿ’ ಅನ್ನೋದು, ಕದ ತೆಗೆಯೋದು, ನನ್ನ ಬೆನ್ನ ಹಿಂದಿನಿಂದ ಇನ್ಸ್‌ಪೆಕ್ಟರು ಅಡಿಗೆಮನೆಗೆ ನುಗ್ಗೋದು. ಪರಂಗಿಯವರು ಹೋದ ಮೇಲೆ ದೇಶಕ್ಕೆ ನಾನು ಮಾಡಿದ ಮೊದಲ ಸೇವೆ ಇದು.

ಒಂದು ಮನೆಯಲ್ಲಿ ಬಾಣಂತಿ ತೊಟ್ಟಿಲು ತೂಗುತ್ತಾ ಕೂತಿದ್ದಳು. ಇನ್ಸ್‌ಪೆಕ್ಟರು ಕಬ್ಬಿಣದ ಸರಳು ಹಿಡಿದು ಸೌದೆ ಸಂದಿ, ಬಚ್ಚಲು, ದೇವರ ಗೂಡು ಎಲ್ಲ ಚುಚ್ಚಿ ನೋಡಿದರು. ತೊಟ್ಟಿಲ ಹಗ್ಗ ಕಿರ್ ಕಿರ್ ಅನ್ನುತ್ತಿತ್ತು. ಒಂದು ತಿಂಗಳ ಕೂಸಿಗೆ ಹಗ್ಗ ಹಾಗೆ ನರಳೋದಿಲ್ಲ, ಹೆರಿಗೆ ಮಾಡಿಸೋರಿಗೆ ಭಾರ ತಿಳಿಯುತ್ತೆ. ಕೂಸಿನ ಕೆಳಗೆ ರಾಗಿ. ಇನ್ಸ್‌ಪೆಕ್ಟರು ಅದರ ಕೆನ್ನೆ ಮುಟ್ಟಿ, ಪರವಾಗಿಲ್ಲ, ಚೆನ್ನಾಗಿ ತೂಕ ಬಂದಿದೆ ಅಂದರು. ನಮ್ಮ ಆಸ್ಪತ್ರೆ ಕೂಸು ಸ್ವಾಮಿ ಅಂದೆ ನಾನು.

ಆ ಕಾಲದಲ್ಲಿ ನಮ್ಮ ವಾರ್ಡಿನಲ್ಲಿ, ಅಂದರೆ ಆಸ್ಪತ್ರೆ ಸುತ್ತಲಿನ ಬೀದಿಗಳಲ್ಲಿ, ಕೂಸು ಹುಟ್ಟಿದ ಸುದ್ದಿ ಗಳಿಗೆಯಲ್ಲಿ ರೇಷನ್ ಕಛೇರಿ ತಲುಪೋದು. ಯಾರಾದರೂ ಸತ್ತ ಸುದ್ದಿ ವರ್ಷವಾದರೂ ತಲುಪುತ್ತಿರಲಿಲ್ಲ. ಸತ್ತವರೂ ವಾರವಾರ ಅಕ್ಕಿ ತರಿಸಿಕೊಳ್ಳೋರು. ಸರ್ಕಾರದ ಕಾಗದದಲ್ಲಿ ನಮ್ಮಷ್ಟು ಗಟ್ಟಿಮುಟ್ಟಾದ ಜನ ಇಡೀ ಮೈಸೂರಿನಲ್ಲಿ ಇರಲಿಲ್ಲ.

ನನಗೆ ಕೆಲಸ ಕಲಿಸಿದವರು ನರ್ಸಮ್ಮ, ಸುಂದರಮ್ಮ ಅಂತ. ಮಾತು ಕಮ್ಮಿ, ಎಲೆ ಅಡಿಕೆ ಜಾಸ್ತಿ. ಅವರ ಕೈಯಲ್ಲಿ ನಾನು ಒಮ್ಮೆ ಚೆನ್ನಾಗಿ ಬೈಸಿಕೊಂಡೆ, ತಪ್ಪು ನನ್ನದೇ. ಹೊಸದಾಗಿ ಮದುವೆಯಾಗಿ ಬಂದಿದ್ದ ಒಬ್ಬ ಹುಡುಗಿ ಮುಟ್ಟು ನಿಂತು ತಿಂಗಳಾಯಿತು ಅಂತ ಆಸ್ಪತ್ರೆಗೆ ಬಂದು ತೋರಿಸಿಕೊಂಡು ಹೋಗಿದ್ದಳು. ಎರಡು ದಿನ ಬಿಟ್ಟು ಬೀದಿ ನಲ್ಲಿಯ ಹತ್ತಿರ ಸಿಕ್ಕಳು. ವಾಂತಿ ನಿಂತಿತೇನಮ್ಮ ಅಂತ ನಾನು ಕೊಡಗಳ ಸಾಲಿನ ಆಚೆಯಿಂದಲೇ ಕೂಗಿ ಕೇಳಿದೆ. ಅವಳ ಗಂಡನಿಗೆ ತಿಳಿಯುವ ಮೊದಲು ಬೀದಿಗೆಲ್ಲ ತಿಳಿಯಿತು. ಆಮೇಲೆ ಬಸಿರು ನಿಲ್ಲಲಿಲ್ಲ. ಅದು ನನ್ನ ಮಾತಿನಿಂದ ಹೋಯಿತು ಅಂತ ನಾನು ನಂಬೋದಿಲ್ಲ. ಆದರೆ ಬೀದಿಯವರೆಲ್ಲ ಬಂದು ಸಮಾಧಾನ ಹೇಳಿದರಲ್ಲ, ಅದು ನನ್ನಿಂದಲೇ ಆದದ್ದು. ಅವಳು ಮತ್ತೆ ನಮ್ಮ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ.

ಅವತ್ತು ನರ್ಸಮ್ಮ ಒಂದು ಚೀಲ ಕೊಟ್ಟು, ಅದರ ತುಂಬ ಸೀಗೆಪುಡಿ ತುಂಬಿಸಿದರು. ಇನ್ನು ಮೇಲೆ ಯಾರ ಮನೆಗೆ ಹೋದರೂ ಸೀಗೆಪುಡಿ ಮಾರುತ್ತಾ ಹೋಗು, ಹತ್ತು ಮನೆಗೆ ಹೋಗು, ಒಂದು ಮನೆಯಲ್ಲಿ ಕೆಲಸ ಮಾಡು ಅಂದರು. ನಾನು ಆಸ್ಪತ್ರೆಯವಳು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಯಾವ ಮನೆಗೆ ಯಾತಕ್ಕೆ ಬಂದೆ ಅನ್ನೋದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೇರಿಗೆ ಪುಡಿ ಸುರಿಯುತ್ತಾ ಸುರಿಯುತ್ತಾ ಜ್ವರ, ರಕ್ತ, ತಿಂಗಳು, ಬಸಿರು ಎಲ್ಲ ಕೇಳಿಕೊಂಡು ಬರುತ್ತಿದ್ದೆ. ಬರೆದುಕೊಳ್ಳುತ್ತಿರಲಿಲ್ಲ. ಬರೆಯೋಕೆ ನನಗೆ ಹೊತ್ತು ಹಿಡಿಯೋದು, ನೆನಪಿಟ್ಟುಕೊಳ್ಳೋಕೆ ಹಿಡಿಯುತ್ತಿರಲಿಲ್ಲ. ಇಡೀ ವಾರ್ಡಿನ ಹೆಂಗಸರು ನನ್ನ ತಲೆಯಲ್ಲಿ ಸಾಲಾಗಿ ನಿಂತಿರೋರು. ಡಾಕ್ಟರಮ್ಮ ಕೇಳಿದರೆ ಗಿಣಿಯ ಹಾಗೆ ಒಪ್ಪಿಸುತ್ತಿದ್ದೆ. ಹೀಗೆ ಹದಿನೆಂಟು ವರ್ಷ ನಡೆಯಿತು.

ಆಮೇಲೆ ಕುಟುಂಬ ಯೋಜನೆ ಬಂತು. ನನಗೆ ಯೋಜನೆಯ ಮೇಲೆ ಕೋಪವಿಲ್ಲ. ಹತ್ತನೇ ಹೆರಿಗೆಗೆ ಬಂದವಳ ಕೈ ಹಿಡಿದು ಕೂತವಳು ನಾನು, ಬೇಡ ಅನ್ನೋಕೆ ನನಗೇನು ಹುಚ್ಚೇ. ಕೋಪ ಅದನ್ನು ಮಾಡಿದ ರೀತಿಯ ಮೇಲೆ. ಮೊದಲು ಒಂದು ಜೀಪು ಬಂತು, ಅದರ ನೆತ್ತಿಯ ಮೇಲೆ ಮೈಕು. ಹಿಂದಿನ ವಾರ ವಿಚಾರಿಸಿಕೊಂಡು ಹೋದ ಹೆಂಗಸರ ಹೆಸರುಗಳನ್ನು ಗಂಡನ ಹೆಸರಿನ ಸಮೇತ ಬೀದಿಯಲ್ಲಿ ಕೂಗಿ, ದಯಮಾಡಿ ಗುರುವಾರ ಬರಬೇಕು ಅಂದರು. ಆ ಗುರುವಾರ ಆಸ್ಪತ್ರೆಯಲ್ಲಿ ನಾನು, ನರ್ಸಮ್ಮ, ಡಾಕ್ಟರಮ್ಮ ಮೂವರೇ ಕೂತು ಕಾಫಿ ಕುಡಿದೆವು.

ಮೈಕಿನಿಂದ ಆಗದ ಕೆಲಸ ಕಬ್ಬಿಣದ ಪೆಟ್ಟಿಗೆಯಿಂದ ಆಗುತ್ತೆ ಅಂತ ಮೇಲಿನವರಿಗೆ ಯಾರೋ ಹೇಳಿದರು. ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದರು. ಹೆಸರು ಬೇಡ, ನಾವು ಕಾರ್ಡು ಸಾಹೇಬರು ಅನ್ನುತ್ತಿದ್ದೆವು. ಅವರ ಜೊತೆ ಒಬ್ಬ ಗುಮಾಸ್ತ, ಮಸಿ ಹಾಕಿ ಪ್ರತಿ ತೆಗೆಯುವ ಒಂದು ಸೈಕ್ಲೋಸ್ಟೈಲ್ ಯಂತ್ರ, ಆಳೆತ್ತರದ ಕಬ್ಬಿಣದ ಬೀರು. ಬೀರುವಿಗೆ ಉದ್ದುದ್ದ ಖಾನೆಗಳು. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ದಪ್ಪ ಕಾರ್ಡು. ಅದರಲ್ಲಿ ಹೆಸರು, ಗಂಡ, ವಿಳಾಸ, ಎಷ್ಟು ಹೆತ್ತಳು, ಎಷ್ಟು ಉಳಿದವು, ಯಾವತ್ತು ಹೊರಗಾದಳು, ಈಗ ಏನು ಹಾಕಿಸಿಕೊಂಡಿದ್ದಾಳೆ, ಎಲ್ಲ. ಕಾರ್ಡಿನ ತಲೆಗೆ ಬಣ್ಣದ ಚೀಟಿ. ಕೆಂಪು ಕಂಡರೆ ತಪಾಸಣೆಗೆ ಕರೆಸಬೇಕು.

ಸಾಹೇಬರು ನಮ್ಮನ್ನು ಬೀರುವಿನ ಮುಂದೆ ನಿಲ್ಲಿಸಿ, ಮನುಷ್ಯರು ಮರೆಯುತ್ತಾರೆ, ಇದು ಮರೆಯುವುದಿಲ್ಲ ಅಂತ ಭಾಷಣ ಮಾಡಿದರು. ಬೀಗ ಉಂಟು, ಎಲ್ಲ ಗೋಪ್ಯ ಅಂದರು. ಬೀಗ ಉಂಟು, ಸರಿ. ಬೀಗದಕೈಯನ್ನು ಬೀರುವಿನ ಪಕ್ಕದ ಮೊಳೆಗೇ ನೇತುಹಾಕಿದ್ದರು, ಕಳೆದುಹೋಗಬಾರದಲ್ಲ.

ಸಾಹೇಬರಿಗೆ ಒಂದು ಅಭ್ಯಾಸ. ಎದುರಿಗೆ ನಿಂತವರನ್ನು ಏನೂ ಕೇಳುತ್ತಿರಲಿಲ್ಲ. ನಂಬರು ತಗೊಂಡು ಹೋಗಿ ಪೆಟ್ಟಿಗೆಯನ್ನು ಕೇಳೋರು. ಒಮ್ಮೆ ತುಂಬು ಬಸುರಿ ನೋವು ತಿನ್ನುತ್ತಾ ಬಂದಾಗ, ಇವರಿಗೆ ಇನ್ನೂ ಆರು ವಾರ ಇದೆ ಅಂತ ಕಾರ್ಡು ತೋರಿಸಿದರು. ಆಕೆ ಅಲ್ಲೇ ಬೆಂಚಿನ ಮೇಲೆ ಹೆತ್ತಳು. ಕಾರ್ಡನ್ನು ತಿದ್ದುವ ತನಕ ಸಾಹೇಬರಿಗೆ ಆ ಕೂಸಿನ ಅಳು ಕೇಳಿಸಲಿಲ್ಲ ಅಂತ ನರ್ಸಮ್ಮ ಅನ್ನುತ್ತಿದ್ದರು.

ಗುಮಾಸ್ತನಿಗೆ ಇನ್ನೊಂದು ಅಭ್ಯಾಸ. ಅವನ ತಮ್ಮನಿಗೆ ಹೆಣ್ಣು ನೋಡುತ್ತಿದ್ದರು. ಹುಡುಗಿಯ ಅಕ್ಕ ನಮ್ಮ ವಾರ್ಡಿನವಳು. ಅವನು ಊಟದ ಹೊತ್ತಿನಲ್ಲಿ ಮೊಳೆಯಿಂದ ಬೀಗದಕೈ ತೆಗೆದು, ಆ ಅಕ್ಕನ ಕಾರ್ಡು ಎಳೆದು, ಎರಡು ಸಲ ಬಸಿರು ಹೋಗಿದೆ ಅಂತ ಓದಿ, ಸಂಬಂಧ ಬೇಡ ಅಂತ ಹೇಳಿಕಳಿಸಿದ. ಆ ಹುಡುಗಿ ಮನೆಯವರಿಗೆ ಯಾಕೆ ಮುರಿಯಿತು ಅಂತ ಗೊತ್ತೇ ಆಗಲಿಲ್ಲ. ನೆಲ ಒರೆಸುತ್ತಿದ್ದ ನನಗೆ ಗೊತ್ತಾಯಿತು. ನೆಲ ಒರೆಸುವವಳು ಇದ್ದಾಳೆ ಅಂತ ಯಾರೂ ಬಾಯಿ ಮುಚ್ಚಿಕೊಳ್ಳೋದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ನಾನು ಗಿರಿಜೆಗೆ ಧೈರ್ಯ ಹೇಳಿದೆ ನೋಡಿ, ಅದು ನನ್ನ ಸರ್ವಿಸಿನ ದೊಡ್ಡ ತಪ್ಪು.

ಗಿರಿಜ ಒಂದು ವಠಾರದಲ್ಲಿ ಇದ್ದ ಲಿಂಗಾಯಿತರ ಮನೆಯ ಸೊಸೆ. ಗಂಡನಿಗೆ ಬಟ್ಟೆ ಅಂಗಡಿ. ಒಳ್ಳೆಯವನು, ಅಂದರೆ ತಾಯಿ ಏನು ಹೇಳಿದರೂ ತಲೆ ಆಡಿಸೋನು. ತಾಯಿ ಬಸಮ್ಮಣ್ಣಿ. ಗಿರಿಜೆಗೆ ಮೂರು ಹೆಣ್ಣು, ಮೂರನ್ನೂ ಹಿಡಿದವಳು ನಾನೇ. ಮೂರನೆಯದರಲ್ಲಿ ರಕ್ತ ನಿಲ್ಲದೆ ಹೋಗಿ ನಾವು ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ ಉಳಿಸಿಕೊಂಡಿದ್ದೆವು. ಇನ್ನೊಂದು ಹೆರಿಗೆ ಆದರೆ ನೀನು ಉಳಿಯೋದಿಲ್ಲ ಅಂತ ಡಾಕ್ಟರಮ್ಮ ಅವಳಿಗೇ ಹೇಳಿದ್ದರು, ಬಸಮ್ಮಣ್ಣಿಗೂ ಹೇಳಿದ್ದರು. ಬಸಮ್ಮಣ್ಣಿ, ಹೆರೋದಕ್ಕೆ ಹೆದರಿದರೆ ಆದೀತೇ ಅಂದರು. ಚಾಮುಂಡಿ ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಸುತ್ತೇನೆ, ಗಂಡು ಕೊಡು ತಾಯಿ ಅಂತ ಹರಕೆ ಹೊತ್ತರು. ಹರಕೆ ಅತ್ತೆಯದು, ಬಗ್ಗಿ ಬಗ್ಗಿ ಹಚ್ಚಿದ್ದು ಸೊಸೆ. ಜೊತೆಗೆ ನಂಜನಗೂಡಿನ ಕಡೆ ಒಂದು ಹೆಣ್ಣನ್ನೂ ಮಗನಿಗೆ ನೋಡಿಟ್ಟಿದ್ದರು, ಇವಳಿಂದ ಆಗದಿದ್ದರೆ ಅಂತ.

ಒಂದು ದಿನ ಸೀಗೆಪುಡಿ ಅಳೆಯುವಾಗ ಗಿರಿಜ ಮೆಲ್ಲಗೆ, ಏನಾದ್ರೂ ಮಾಡಕ್ಕ ಅಂದಳು. ಡಾಕ್ಟರಮ್ಮ ತಿಂಗಳು ಪೂರ್ತಿ ರಕ್ತದ ಮಾತ್ರೆ ಕೊಟ್ಟು, ಆಮೇಲೆ ಬಸಿರಾಗದ ಹಾಗೆ ಒಳಗೆ ಲೂಪು ಹಾಕಿದರು. ಅವತ್ತು ಗಿರಿಜ ಮಗುವಿಗೆ ಕೆಮ್ಮು ಅನ್ನೋ ನೆಪದಲ್ಲಿ ಬಂದಿದ್ದಳು. ಕಾರ್ಡು ಬರೆಯುವ ಹೊತ್ತಿಗೆ ವಿಳಾಸ ಬೇಡ ಅಂತ ನರ್ಸಮ್ಮ ಸನ್ನೆ ಮಾಡಿದರು. ಪೂರ್ತಿ ವಿಳಾಸ ಇಲ್ಲದ ಕಾರ್ಡು ನಡೆಯೋದಿಲ್ಲ ಅಂತ ಗುಮಾಸ್ತ. ಗಿರಿಜ ನನ್ನ ಮುಖ ನೋಡಿದಳು.

“ಅತ್ತೆಗೆ ಗೊತ್ತಾಗಲ್ಲ ತಾನೇ ಕೆಂಪಕ್ಕ? ಗೊತ್ತಾದ್ರೆ ಮೂರು ಮಕ್ಕಳ ಜೊತೆ ತೌರಿಗೆ ಕಳಿಸಿಬುಡ್ತಾರೆ. ಇಲ್ಲ, ಇದನ್ನ ತೆಗೆಸಿ ಇನ್ನೊಂದು ಹೆರು ಅಂತಾರೆ.”

“ಕಬ್ಬಿಣದ ಬೀರು ಕಣಮ್ಮ, ಬೀಗ ಇದೆ. ಹೇಳು ವಿಳಾಸ.”

ಹೇಳಿದಳು. ಮನೆ ನಂಬರು ಅವಳಿಗೆ ನೆನಪಾಗಲಿಲ್ಲ. ಅದನ್ನು ಹೇಳಿಕೊಟ್ಟವಳೂ ನಾನೇ, ನನ್ನ ನೆನಪಿನ ಶಕ್ತಿ ತೋರಿಸಬೇಕಿತ್ತಲ್ಲ.

ಮೂರು ತಿಂಗಳು ಕಳೆಯಿತು. ಒಂದು ಶುಕ್ರವಾರ ಗುಮಾಸ್ತ ಕೈಯೆಲ್ಲ ಮಸಿ ಮಾಡಿಕೊಂಡು ಯಂತ್ರ ತಿರುಗಿಸುತ್ತಿದ್ದ. ಪಕ್ಕದಲ್ಲಿ ಪೋಸ್ಟ್ ಕಾರ್ಡುಗಳ ಕಟ್ಟು. ಒಂದನ್ನು ಎತ್ತಿ ಅಕ್ಷರ ಕೂಡಿಸಿ ಓದಿದೆ. ತಾವು ನಮ್ಮ ಆಸ್ಪತ್ರೆಯಲ್ಲಿ ಲೂಪು ಹಾಕಿಸಿಕೊಂಡು ಮೂರು ತಿಂಗಳಾಗಿರುವುದರಿಂದ ತಪಾಸಣೆಗೆ ತಪ್ಪದೆ ಹಾಜರಾಗತಕ್ಕದ್ದು. ಕೆಳಗೆ ಮೊಹರು, ನಂಬರು. ಒಂದು ಕಟ್ಟು ಮಧ್ಯಾಹ್ನವೇ ಟಪಾಲಿಗೆ ಹೋಗಿಯಾಗಿತ್ತು, ಗಿರಿಜೆಯದೂ ಅದರಲ್ಲೇ.

ನಾನು ಸಾಹೇಬರ ಹತ್ತಿರ ಹೋಗಿ, ಇದನ್ನು ಲಕೋಟೆಯಲ್ಲಿ ಹಾಕಬೇಕಿತ್ತು ಸ್ವಾಮಿ, ತೆರೆದ ಕಾಗದ ಅಲ್ಲವೇ ಅಂದೆ. ಲಕೋಟೆಗೆ ಮಂಜೂರಾತಿ ಇಲ್ಲ ಅಂದರು. ಮನೆಯಲ್ಲಿ ಓದುತ್ತಾರಲ್ಲ ಸ್ವಾಮಿ ಅಂದೆ.

“ಓದಲಿ ಅಂತಲೇ ಕಳಿಸೋದು. ಸರ್ಕಾರದ ಸೇವೆಯಲ್ಲಿ ನಾಚಿಕೆಪಡುವಂಥದ್ದು ಏನಿದೆ? ತಪ್ಪು ಮಾಡದವರಿಗೆ ಮುಚ್ಚಿಡೋದು ಏನಿರುತ್ತೆ ಕೆಂಪಮ್ಮ?”

ಈ ಮಾತನ್ನು ಹೊಸದಾಗಿ ಕೆಲಸಕ್ಕೆ ಸೇರುವವರು ನೆನಪಿಟ್ಟುಕೊಳ್ಳಿ. ಇದನ್ನು ಹೇಳುವವರು ಯಾರೂ ಯಾವತ್ತೂ ಸೊಸೆ ಆಗಿರೋದಿಲ್ಲ.

ಸಾಹೇಬರಿಗೆ ನಮ್ಮ ಕಡೆಯ ಟಪಾಲು ಹೇಗೆ ಬರುತ್ತೆ ಅನ್ನೋದು ಗೊತ್ತಿರಲಿಲ್ಲ. ಆ ವಠಾರದಲ್ಲಿ ಓದು ಬಂದ ಹೆಂಗಸರು ಕಮ್ಮಿ, ಗಂಡಸರು ಹಗಲು ಹೊತ್ತು ಅಂಗಡಿಯಲ್ಲಿ. ಟಪಾಲಿನ ಸಿದ್ದಪ್ಪ ಬಂದು ಜಗಲಿಯ ಮೇಲೆ ಕೂತು, ಒಂದು ಲೋಟ ಮಜ್ಜಿಗೆ ಕುಡಿದು, ಒಂದೊಂದೇ ಕಾಗದ ಎತ್ತಿ ದೊಡ್ಡ ಗಂಟಲಿನಲ್ಲಿ ಓದೋನು. ಯಾರ ಕಾಗದವಾದರೂ ಎಲ್ಲರೂ ಕೂತು ಕೇಳೋರು. ಊರಿನ ಸಮಾಚಾರಕ್ಕೆ ಅವನೇ ರೇಡಿಯೋ.

ಶನಿವಾರ ಬೆಳಿಗ್ಗೆ ನಾನು ಹೊಟ್ಟೆನೋವು ಅಂತ ರಜ ಹೇಳಿ, ಸೀಗೆಪುಡಿ ಚೀಲ ಹೆಗಲಿಗೆ ಹಾಕಿಕೊಂಡು ಬೀದಿ ಮೂಲೆಯಲ್ಲಿ ನಿಂತೆ. ಸಿದ್ದಪ್ಪ ಸೈಕಲ್ಲು ತಳ್ಳಿಕೊಂಡು ಬಂದ. ನಿಲ್ಲಿಸಿ, ಬಸಮ್ಮಣ್ಣಿಯವರ ಮನೆಗೆ ಆಸ್ಪತ್ರೆಯ ಕಾರ್ಡು ಬಂದಿದೆ, ತಪ್ಪಾಗಿ ಹಾಕಿದ್ದಾರೆ, ನನ್ನ ಕೈಗೆ ಕೊಡಪ್ಪ ಅಂದೆ. ಅವನು ಆಗಲೇ ಓದಿಕೊಂಡಿದ್ದ, ಮುಖ ನೋಡಿದರೆ ಗೊತ್ತಾಗೋದು. ಆದರೆ ಕೊಡಲಿಲ್ಲ.

“ಒಬ್ಬರ ಟಪಾಲು ಇನ್ನೊಬ್ಬರ ಕೈಗೆ ಕೊಡಂಗಿಲ್ಲ ಕಣಮ್ಮ. ಗೋಪ್ಯ.”

“ಇಡೀ ವಠಾರಕ್ಕೆ ಓದಿ ಹೇಳ್ತೀಯಲ್ಲ, ಅದು ಗೋಪ್ಯ ಅಲ್ವೇನಯ್ಯ?”

“ಓದಬೇಡ ಅಂತ ಕಾನೂನಿಲ್ಲ, ಕೊಡಬೇಡ ಅಂತ ಇದೆ. ಯಾರದೋ ಮದುವೆ ಕಾಗದ ಆಗಿದ್ರೆ ಏನೋ ಮಾಡ್ಬೋದಿತ್ತು. ಸರ್ಕಾರದ ಮೊಹರು. ನನ್ ಕೆಲ್ಸ ಹೋಗ್ತದೆ.”

ಸರಿ ಅಂತ ಅವನ ಮುಂದೆ ಮುಂದೆ ನಾನೇ ವಠಾರಕ್ಕೆ ಹೋದೆ. ‘ಸೀಗೆಪುಡಿ’ ಅಂತ ಕೂಗಿ ಜಗಲಿ ಮೇಲೆ ಚೀಲ ಇಳಿಸಿದೆ. ಬಸಮ್ಮಣ್ಣಿ ಹಣೆ ತುಂಬ ವಿಭೂತಿ ಇಟ್ಟುಕೊಂಡು ಅಕ್ಕಿ ಆರಿಸುತ್ತಾ ಕೂತಿದ್ದರು. ಗಿರಿಜ ಬಾಗಿಲ ಹತ್ತಿರ ಮಗುವಿಗೆ ತಲೆ ಬಾಚುತ್ತಿದ್ದಳು. ಪಕ್ಕದ ಮನೆಗಳಿಂದಲೂ ನಾಲ್ಕಾರು ಹೆಂಗಸರು ಬಂದು ಕೂತರು. ಸಿದ್ದಪ್ಪ ಮಜ್ಜಿಗೆ ಕುಡಿದು ಒಂದು ಕಾಗದ ಓದಿದ, ಯಾರದೋ ಎಮ್ಮೆ ಈದಿತ್ತು. ಇನ್ನೊಂದು ಓದಿದ, ಯಾರದೋ ಮಾವನಿಗೆ ಕಾಲುನೋವು. ಮೂರನೆಯದು ಆಸ್ಪತ್ರೆ ಕಾರ್ಡು. ಎತ್ತಿಕೊಂಡ. ನನ್ನ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ಪಂಚೆಗೆ ಒರೆಸಿಕೊಂಡ. ಒರೆಸಿದ್ದನ್ನೇ ಒರೆಸಿದ.

ಯಾರದಯ್ಯ ಅದು ಅಂದರು ಬಸಮ್ಮಣ್ಣಿ. ನಿಮ್ಮ ಸೊಸೆದು, ಸರ್ಕಾರದ್ದು ಅಂತ ಅವರ ಕೈಗೇ ಕೊಟ್ಟ. ಕಾನೂನು ಪೂರೈಸಿತು. ನೀನೇ ಓದು ಅಂತ ಅವರು ಅಂದರೆ, ಆಸ್ಪತ್ರೆ ಭಾಷೆ ಅಮ್ಮಣ್ಣಿ, ಆಸ್ಪತ್ರೆಯವಳೇ ಇದ್ದಾಳಲ್ಲ ಅಂದ. ಗಿರಿಜೆಯ ಕೈಯಲ್ಲಿದ್ದ ಬಾಚಣಿಗೆ ಮಗುವಿನ ತಲೆಯಲ್ಲೇ ನಿಂತಿತ್ತು.

ನಾನು ಕಾರ್ಡು ಇಸಕೊಂಡೆ. ಮೂರನೇ ಕ್ಲಾಸಿನವರೆಗೆ ಓದಿದವಳು ಹೇಗೆ ಓದುತ್ತಾಳೋ ಹಾಗೇ ಬೆರಳಿಟ್ಟು, ತಡೆದು ತಡೆದು ಓದಿದೆ. ತಮ್ಮ ಮನೆಯಲ್ಲಿ ಮೂರು ಹೆಣ್ಣುಮಕ್ಕಳು ಇರುವುದರಿಂದ, ಸದರಿ ಮಕ್ಕಳನ್ನು ತೂಕ ಮಾಡಿಸತಕ್ಕದ್ದು. ಬೆರಳು ಲೂಪಿನ ಮೇಲೆ ಬಂದಾಗ ನಿಲ್ಲಿಸಬಾರದಿತ್ತು, ನಿಲ್ಲಿಸಿದರೆ ಅನುಮಾನ. ಬಾಯಿಗೆ ಬಂದದ್ದನ್ನು ಹಾಕಿದೆ. ಹಾಲಿನ ಪುಡಿ ಕೊಡಲಾಗುವುದು ಅಂದೆ.

ಅದು ಎರಡನೇ ತಪ್ಪು. ಬರೀ ತೂಕ ಅಂದಿದ್ದರೆ ಬಸಮ್ಮಣ್ಣಿ ಕಾರ್ಡು ಒಲೆಗೆ ಹಾಕುತ್ತಿದ್ದರು. ಪುಡಿ ಅಂದ ತಕ್ಷಣ ನನ್ನ ಕೈಯಿಂದ ಕಿತ್ತುಕೊಂಡು, ಎರಡೂ ಕಣ್ಣಿಗೆ ಒತ್ತಿಕೊಂಡು, ದೇವರ ಪಟದ ಹಿಂದೆ ಸಿಕ್ಕಿಸಿದರು.

“ಸೋಮವಾರ ನಾನೇ ಬತ್ತೀನಿ ಕೆಂಪಿ. ಈ ಕಾಗದ ತೋರಿಸಿದ್ರೆ ಕೊಡ್ತಾರೆ ತಾನೇ? ಮೂರು ಮಕ್ಕಳಿಗೂ ಬೇರೆ ಬೇರೆ ಕೊಡಬೇಕು ಅಂತ ಹೇಳಿಬುಡು ನಿಮ್ಮೋರಿಗೆ.”

ಬೀದಿಗೆ ಬಂದ ಮೇಲೆ ಸಿದ್ದಪ್ಪ ಸೈಕಲ್ಲು ಹತ್ತುತ್ತಾ, ಪರವಾಗಿಲ್ಲ, ನನಗಿಂತ ಚೆನ್ನಾಗಿ ಓದ್ತೀಯ ಅಂದ. ನಿನಗೆ ಇದ್ದದ್ದು ಇದ್ದ ಹಾಗೆ ಓದಿ ಅಭ್ಯಾಸ ಅಂದೆ. ಅವನು ನಕ್ಕ.

“ಹಂಗೇ ಓದಿದ್ರೆ ಈ ಬೀದೀಲಿ ಎಷ್ಟು ಮನೆ ಉಳೀತಿತ್ತು ಅನ್ಕೊಂಡಿದ್ದೀಯಾ? ಮಗ ಸತ್ತ ಅಂತ ಬಂದ್ರೆ ಮೈಗೆ ಸರಿಯಿಲ್ಲ, ಹೊರಟು ಬಾ ಅಂತ ಓದ್ತೀನಿ. ಮೊಹರು ಇದ್ದಾಗ ಮಾತ್ರ ನನಗೆ ನಾಲಗೆ ಹೊರಳಲ್ಲ.”

ಭಾನುವಾರ ನಾನು ಅನ್ನ ತಿಂದೆನೋ ಇಲ್ಲವೋ ನೆನಪಿಲ್ಲ. ಸೋಮವಾರ ಬಸಮ್ಮಣ್ಣಿ ಆ ಕಾರ್ಡು ಹಿಡಿದು ಸಾಹೇಬರ ಮುಂದೆ ನಿಲ್ಲುತ್ತಾರೆ. ಸಾಹೇಬರು ನಂಬರು ನೋಡಿ ಬೀರು ತೆಗೆಯುತ್ತಾರೆ, ಗಿರಿಜೆಯ ಕಾರ್ಡು ಎಳೆದು, ಎಲ್ಲರ ಎದುರು ಗಟ್ಟಿಯಾಗಿ ಓದುತ್ತಾರೆ. ನಾಚಿಕೆಪಡುವಂಥದ್ದು ಏನಿದೆ.

ಆಸ್ಪತ್ರೆಗೆ ಮೊದಲು ಬರೋಳು ನಾನೇ. ಕೂಸುಗಳ ನೀರಿಗೆ ಹಂಡೆ ಒಲೆ ಹಚ್ಚಬೇಕು. ಸೋಮವಾರ ಬೆಳಿಗ್ಗೆ ಬಂದು ಮೊಳೆಯಿಂದ ಬೀಗದಕೈ ತೆಗೆದೆ. ಖಾನೆ ಎಳೆದೆ. ಪೆಟ್ಟಿಗೆಯನ್ನು ಹೊಗಳಬೇಕು, ಅದೆಷ್ಟು ಅಚ್ಚುಕಟ್ಟು ಅಂದರೆ ನನ್ನಂಥ ಮೂರನೇ ಕ್ಲಾಸಿನವಳಿಗೂ ಕಾರ್ಡು ಕ್ಷಣದಲ್ಲಿ ಸಿಕ್ಕಿತು. ಒಲೆಗೆ ಹಾಕಿದೆ. ದಪ್ಪ ರಟ್ಟು, ಬೇಗ ಹತ್ತಿಕೊಳ್ಳಲಿಲ್ಲ. ಊದುಗೊಳವೆ ಹಿಡಿದು ಊದುತ್ತಿದ್ದಾಗ ಹಿಂದೆ ನರ್ಸಮ್ಮ ಬಂದು ನಿಂತರು. ಒಲೆಯೊಳಗೆ ಬಗ್ಗಿ ನೋಡಿದರು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಂದುಕೊಂಡು, ರಟ್ಟು ಹಾಕೋವಾಗ ಎರಡು ತುಂಡು ಮಾಡಿ ಹಾಕಬೇಕು ಅಂದರು. ಹೋದರು.

ಹತ್ತು ಗಂಟೆಗೆ ಬಸಮ್ಮಣ್ಣಿ ಬಂದರು. ರೇಷ್ಮೆ ಸೀರೆ, ಕೈಯಲ್ಲಿ ಪುಡಿಗೆ ಅಂತ ಮೂರು ಡಬ್ಬಿ, ಹಿಂದೆ ಮೂರು ಮಕ್ಕಳು, ಮಕ್ಕಳ ಹಿಂದೆ ಗಿರಿಜ. ಅವಳ ಮುಖದಲ್ಲಿ ರಕ್ತ ಇರಲಿಲ್ಲ, ಮೊದಲೇ ಇದ್ದದ್ದು ಅಷ್ಟರಲ್ಲೇ. ನಾನು ನೆಲ ಒರೆಸುವ ನೆಪದಲ್ಲಿ ಸಾಹೇಬರ ಮೇಜಿನ ಕಾಲ ಬುಡದಲ್ಲಿ ಕೂತೆ. ಅದೊಂದು ಮೂಲೆಯನ್ನು ನಾನು ಅವತ್ತು ಒರೆಸಿದ ಹಾಗೆ ಇನ್ಯಾವತ್ತೂ ಒರೆಸಿಲ್ಲ.

ಸಾಹೇಬರು ಪೋಸ್ಟ್ ಕಾರ್ಡು ತಗೊಂಡರು. ಅಭ್ಯಾಸದ ಪ್ರಕಾರ ಬಸಮ್ಮಣ್ಣಿಯ ಮುಖ ನೋಡಲಿಲ್ಲ, ನಂಬರು ನೋಡಿದರು, ಬೀರುವಿಗೆ ಹೋದರು. ಖಾನೆ ಎಳೆದರು. ಹಿಂದಿನ ನಂಬರು ಇದೆ, ಮುಂದಿನ ನಂಬರು ಇದೆ. ಮತ್ತೆ ಹುಡುಕಿದರು. ಗುಮಾಸ್ತನೂ ಬಂದು ಹುಡುಕಿದ. ಸಾಹೇಬರು ವಾಪಸು ಬಂದು ಕುರ್ಚಿಯಲ್ಲಿ ಕೂತರು.

“ಈ ಹೆಸರಿನವರು ಯಾರೂ ಇಲ್ಲಮ್ಮ.”

“ಇಲ್ಲ ಅಂದ್ರೆ? ಇವಳೇ ಅಲ್ವೇ, ನನ್ ಸೊಸೆ, ಇಲ್ಲೇ ನಿಂತವ್ಳೆ.”

“ನಿಂತಿರಬಹುದು. ದಾಖಲೆಯಲ್ಲಿ ಇಲ್ಲ.”

“ಮತ್ತೆ ಕಾಗದ ಹಾಕಿದ್ದು ಯಾರಿಗೆ?”

“ಅದೇ ತಪ್ಪಾಗಿರೋದು. ಇಲ್ಲದವರಿಗೆ ನೋಟೀಸು ಹೋಗಿದೆ.” ಅಂತ ಗುಮಾಸ್ತನನ್ನು ಒಮ್ಮೆ ದುರುಗುಟ್ಟಿ ನೋಡಿ, ಪೋಸ್ಟ್ ಕಾರ್ಡಿನ ಮೇಲೆ ಕೆಂಪು ಮಸಿಯಲ್ಲಿ ರದ್ದು ಅಂತ ಬರೆದು, ಫೈಲಿಗೆ ಸೇರಿಸಿ ದಾರ ಕಟ್ಟಿದರು. ಬಸಮ್ಮಣ್ಣಿ, ಹಾಗಾದರೆ ಹಾಲಿನ ಪುಡಿ ಅಂದರು. ದಾಖಲೆಯಲ್ಲಿ ಇಲ್ಲದವರಿಗೆ ಯಾವುದನ್ನೂ ಕೊಡೋದಿಲ್ಲ ಅಂದರು ಸಾಹೇಬರು. ಯಾವ ಪುಡಿ ಅಂತ ಕೂಡ ಕೇಳಲಿಲ್ಲ. ಆ ಸಾಹೇಬರ ಬಗ್ಗೆ ನಾನು ಏನೇ ಅಂದರೂ, ಅವರು ತಮ್ಮ ಪೆಟ್ಟಿಗೆಯನ್ನು ನಂಬಿದ ಹಾಗೆ ಬಸಮ್ಮಣ್ಣಿ ದೇವರನ್ನೂ ನಂಬಿರಲಿಲ್ಲ. ಗಿರಿಜೆಯನ್ನು ಉಳಿಸಿದ್ದು ಆ ನಂಬಿಕೆಯೇ.

ಬಸಮ್ಮಣ್ಣಿ ಖಾಲಿ ಡಬ್ಬಿ ಎತ್ತಿಕೊಂಡು ಸರ್ಕಾರದ ಏಳು ತಲೆಮಾರನ್ನು ಬೈಯುತ್ತಾ ಹೋದರು. ಆಮೇಲೆ ಆ ಮನೆಗೆ ಸರ್ಕಾರದ ಯಾವ ಕಾಗದ ಬಂದರೂ ಓದಿಸದೆ ಒಲೆಗೆ ಹಾಕೋರಂತೆ. ಗಿರಿಜೆಯ ತಪಾಸಣೆ ಸೀಗೆಪುಡಿಯ ಲೆಕ್ಕದಲ್ಲೇ ನಡೆಯಿತು. ಗಂಡು ಕೂಸು ಬರಲಿಲ್ಲ. ಚಾಮುಂಡಿ ತಾಯಿ ಮನಸ್ಸು ಮಾಡಲಿಲ್ಲ ಅಂತ ಬಸಮ್ಮಣ್ಣಿ ಹೇಳಿಕೊಂಡು ತಿರುಗಿದರು. ನಂಜನಗೂಡಿನ ಹುಡುಗಿಯ ಮನೆಯವರು ಕಾದು ಸಾಕಾಗಿ ಬೇರೆ ಗಂಡು ನೋಡಿಕೊಂಡರು. ನನ್ನ ತಪ್ಪನ್ನು ಚಾಮುಂಡಿ ತಾಯಿಯ ತಲೆಗೆ ಹೊರಿಸಿದಂತಾಯಿತು. ಒಂದು ಮಂಗಳವಾರ ಬೆಟ್ಟ ಹತ್ತಿ ಹೇಳಿಕೊಂಡು ಬಂದೆ. ಅವಳೂ ಹೆಂಗಸು, ಯಾವ ಕಾರ್ಡೂ ಕೇಳಲಿಲ್ಲ.

ಆದರೆ ಪೆಟ್ಟಿಗೆ ಅಷ್ಟು ಸುಲಭವಾಗಿ ಬಿಡಲಿಲ್ಲ. ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ಒಂದು ಕಾರ್ಡು ಕಮ್ಮಿ ಬಂತು. ಮೇಲಿನವರಿಗೆ ಕಳಿಸಿದ ಮೊತ್ತಕ್ಕೂ ಬೀರುವಿಗೂ ತಾಳೆಯಾಗಲಿಲ್ಲ. ಒಬ್ಬ ಹೆಂಗಸು ಕಮ್ಮಿ ಅಂತ ಬೆಂಗಳೂರಿನಿಂದ ಕಾಗದ ಬಂತು. ವಿಚಾರಣೆ ಶುರುವಾಯಿತು. ಗುಮಾಸ್ತನಿಗೆ ಮೆಮೋ ಕೊಟ್ಟರು. ಅವನ ತಮ್ಮನಿಗೆ ಬೇಡವಾದ ಹುಡುಗಿಯ ನೆನಪು ನನಗಿತ್ತು, ಹಾಗಾಗಿ ನನಗೇನೂ ಕನಿಕರ ಬರಲಿಲ್ಲ. ಬೀರುವನ್ನೇ ಗೋಡೆಯಿಂದ ಎಳೆಸಿ ಹಿಂದೆ ಬಿದ್ದಿದ್ದಾಳೇನೋ ಅಂತ ನೋಡಿದರು. ಅದೇ ಹೊತ್ತಿಗೆ ಗಿರಿಜ ಮೂರನೇ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಆಸ್ಪತ್ರೆ ಮುಂದೆಯೇ ತರಕಾರಿಗೆ ಹೋಗುತ್ತಿದ್ದಳು.

ರದ್ದು ಅಂತ ಬರೆದ ಪೋಸ್ಟ್ ಕಾರ್ಡು ಫೈಲಿನಲ್ಲೇ ಇತ್ತು, ಅದರಲ್ಲಿ ಹೆಸರೂ ವಿಳಾಸವೂ ಇತ್ತು. ಯಾರೂ ತೆಗೆದು ನೋಡಲಿಲ್ಲ. ರದ್ದಾದದ್ದನ್ನು ನೋಡುವ ಕ್ರಮ ಇರಲಿಲ್ಲ.

ಕೊನೆಗೆ ಸಾಹೇಬರಿಗೆ ನನ್ನ ಜ್ಞಾಪಕ ಬಂತು. ಪೆಟ್ಟಿಗೆ ಬರುವ ಮುಂಚೆ ವಾರ್ಡಿನ ಎಲ್ಲ ಹೆಂಗಸರೂ ಕೆಂಪಮ್ಮನ ತಲೆಯಲ್ಲಿದ್ದರು ಅಂತ ಡಾಕ್ಟರಮ್ಮ ಯಾವಾಗಲೋ ಹೊಗಳಿದ್ದರಂತೆ. ಸಾಹೇಬರು ನನ್ನನ್ನು ಕರೆಸಿ ಒಂದು ಹಾಳೆ ಕೊಟ್ಟರು. ಕಾಣೆಯಾದ ಕಾರ್ಡಿನ ಹೆಂಗಸಿನ ಹೆಸರು, ಗಂಡನ ಹೆಸರು, ವಿಳಾಸ ತಿಳಿದಿದ್ದರೆ ಬರೆಯತಕ್ಕದ್ದು ಅಂತ ಇತ್ತು. ಜೀವಮಾನದಲ್ಲಿ ಮೊದಲ ಸಲ ಸರ್ಕಾರ ನನ್ನನ್ನು ಒಂದು ವಿಷಯ ಕೇಳಿತ್ತು.

ನಾನು ಕೂತು, ನಿಧಾನವಾಗಿ, ದುಂಡಗೆ ಬರೆದೆ. ಮರೆತುಹೋಗಿದೆ.

ಕೆಲಸದಿಂದ ಬಿಡುಗಡೆಯಾದ ದಿನ ಸರ್ವಿಸ್ ಪುಸ್ತಕಕ್ಕೆ ರುಜು ಹಾಕಿಸಿಕೊಂಡರು. ಹಾಳೆ ತಿರುಗಿಸಿ ನೋಡಿದೆ. ಅಷ್ಟು ವರ್ಷದ ಫಿನಾಯಿಲು, ರಕ್ತ, ಕೂಸುಗಳು, ಇಟ್ಟಿಗೆ ಕೊಟ್ಟು ಎತ್ತಿದ ಮಂಚಗಳು, ಯಾವುದರದೂ ಸುದ್ದಿ ಇರಲಿಲ್ಲ. ಒಂದೇ ಸಾಲು ಇತ್ತು, ಕಾರ್ಡು ಸಾಹೇಬರ ಕೈಬರಹ. ಸದರಿ ಆಯಾಳ ಜ್ಞಾಪಕಶಕ್ತಿ ತೃಪ್ತಿಕರವಾಗಿಲ್ಲ.

ಗಿರಿಜೆಯ ಮೂರನೇ ಮಗಳ ಮದುವೆಗೆ ಕರೆದಿದ್ದರು, ಹೋಗಿ ಉಂಡು ಬಂದೆ. ಗಿರಿಜೆಯೇ ನನ್ನ ಎಲೆಗೆ ಒಬ್ಬಟ್ಟು ಬಡಿಸಿದಳು, ಇನ್ನೊಂದು ಹಾಕಿಸಿಕೋ ಅಂತ ಬಲವಂತ ಮಾಡಿದಳು. ಯಾವ ಛತ್ರ, ಯಾವ ಬೀದಿ, ಅವಳ ನಿಜವಾದ ಹೆಸರೇನು ಅಂತ ತಂಗಿ ಮೊಮ್ಮಗಳು ಮೊನ್ನೆಯಿಂದ ಪೀಡಿಸುತ್ತಿದ್ದಾಳೆ. ಸರ್ವಿಸ್ ಪುಸ್ತಕ ತೆಗೆದು ಅವಳ ಮುಂದೆ ಇಟ್ಟಿದ್ದೇನೆ, ಓದಿಕೊಳ್ಳಲಿ.